ಕೌನ್ಸಿಲಿಂಗ್ ಬೋರ್ಡ್ ನೋಡಿ ಮಕ್ಕಳನ್ನ ಒಳಗೆ ಕಳಿಸ್ಬೇಡಿ, ಮೊದ್ಲು ರಿಜಿಸ್ಟ್ರೇಷನ್ ನಂಬರ್ ಕೇಳಿ

ನನ್ ತಮ್ಮ ಸೆಕೆಂಡ್ ಪಿಯುಲಿ ಇದ್ದಾಗ ನಡೆದಿದ್ದು ಇದು, ಅವನನ್ನ ಕೇಳ್ಕೊಂಡೇ ಬರೀತಾ ಇದೀನಿ. ಮಿಡ್ ಟರ್ಮ್ ಆದ್ಮೇಲೆ ಹುಡುಗ ಊಟ ಬಿಟ್ಟ, ರಾತ್ರಿಯೆಲ್ಲ ಎದ್ದಿರೋನು, ಕಾಲೇಜಿಗೆ ಅಂತ ಹೊರಟು ಬಸ್ ಸ್ಟ್ಯಾಂಡಲ್ಲೇ ಕೂತಿದ್ದು ವಾಪಸ್ ಬರೋನು. ತಾಲ್ಲೂಕು ಆಸ್ಪತ್ರೆಲಿ ಮಂಗಳವಾರ ಮನೋಚೈತನ್ಯ ಅಂತ ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಇರತ್ತಲ್ಲ, ಅಲ್ಲಿ ಡಾಕ್ಟ್ರು ನೋಡಿ ಡಿಪ್ರೆಶನ್ ಅಂತ ಮಾತ್ರೆ ಶುರು ಮಾಡಿದ್ರು, ಗುಣ ಕಾಣೋಕೆ ಮೂರ್ನಾಲ್ಕು ವಾರ ಬೇಕು ಅಂತಾನೂ ಹೇಳಿದ್ರು. ಅಷ್ಟ್ರಲ್ಲಿ ನೆಂಟ್ರೊಬ್ರು ಆ ಮಾತ್ರೆ ಚಟ ಆಗೋಗತ್ತೆ ಅಂತ ಅಪ್ಪಂಗೆ ಹೆದರಿಸಿ ಸಿಟಿಲಿರೋ ಒಂದು ಕೌನ್ಸಿಲಿಂಗ್ ಸೆಂಟರ್ ತೋರಿಸಿದ್ರು.

ಎಸಿ ರೂಮು, ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟು, ಕೌನ್ಸಿಲರ್ ಹೆಸರಿನ ಮುಂದೆ ಡಾಕ್ಟರ್ ಅಂತ. 12 ಸಿಟ್ಟಿಂಗಿಗೆ 28 ಸಾವಿರ ಮುಂಚೇನೇ ಕಟ್ಟಿಸ್ಕೊಂಡ್ರು, ಬಿಲ್ ಇಲ್ಲ. ಮೊದಲ್ನೇ ದಿನಾನೇ ಮಾತ್ರೆ ನಿಲ್ಲಿಸಿ ಅಂದ್ರು, ನಾವು ನಿಲ್ಲಿಸಿಬಿಟ್ವಿ. ನಾಲ್ಕೇ ದಿನಕ್ಕೆ ಅವ್ನಿಗೆ ತಲೆ ಸುತ್ತು, ತಲೆಯೊಳಗೆ ಕರೆಂಟ್ ಹೊಡ್ದಂಗೆ ಆಗತ್ತೆ ಅಂತಿದ್ದ, ಸುಮ್ಸುಮ್ನೆ ಅಳೋನು. ಫೋನ್ ಮಾಡಿದ್ರೆ ವಿಷ ಹೊರಗೆ ಹೋಗ್ತಿದೆ, ಒಳ್ಳೇದೇ ಅಂದ್ರು. ಈ ಮಾತ್ರೆಗಳನ್ನ ಡಾಕ್ಟ್ರು ಹೇಳ್ದಂಗೆ ಸ್ವಲ್ಪ ಸ್ವಲ್ಪನೇ ಇಳಿಸ್ಬೇಕು, ಒಂದೇ ಸಲ ಬಿಡಬಾರ್ದು ಅಂತ ನಮಗೆ ಗೊತ್ತಾಗಿದ್ದು ಆಮೇಲೆ.

ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಮೂರನೇ ಸಿಟ್ಟಿಂಗ್ ನೆನೆಸ್ಕೊಂಡ್ರೆ. ಬದುಕೋದೇ ಬೇಡ ಅನ್ಸತ್ತೆ ಸಾರ್ ಅಂತ ಆ ಮಗು ಮೊದಲ್ನೇ ಸಲ ಬಾಯಿ ಬಿಟ್ಟು ಹೇಳಿದೆ, ಅಂಥ ಮಾತು ಬಂದ್ರೆ ಮನೆಯವ್ರಿಗೆ ತಿಳಿಸ್ಲೇಬೇಕು, ಅದು ಸರಿ, ಆದ್ರೆ ಆ ಮನುಷ್ಯ ಅಪ್ಪನ್ನ ಒಳಗೆ ಕರೆದು ಅವನೆದುರಿಗೇ, ಎಕ್ಸಾಮ್ ತಪ್ಪಿಸ್ಕೊಳ್ಳೋಕೆ ನಾಟಕ ಇದು, ಮೊಬೈಲ್ ಕಿತ್ಕೊಳ್ಳಿ ಅಂದ್ರಂತೆ. ಅವತ್ತಿಂದ ತಮ್ಮ ಯಾರ ಹತ್ರಾನೂ ಮಾತಾಡ್ಲಿಲ್ಲ. ಒಂದು ವಾರ ಆದ್ಮೇಲೆ ರಾತ್ರಿ 1 ಗಂಟೆಗೆ ಅವನ ರೂಮಲ್ಲಿ ಕಂಡಿದ್ದನ್ನ ಇಲ್ಲಿ ಬರೆಯಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಅದರ ನಂಬರ್ 14416ಕ್ಕೆ ಕಾಲ್ ಮಾಡಿದ್ವಿ, ಕನ್ನಡದಲ್ಲೇ ಮಾತಾಡಿದ್ರು, ಒಬ್ಬನ್ನೇ ಬಿಡಬೇಡಿ, ಈಗ್ಲೇ ಆಸ್ಪತ್ರೆಗೆ ಹೊರಡಿ ಅಂದ್ರು. ದುಡ್ಡು ಕೊಡಬೇಕಿಲ್ಲ, 24 ಗಂಟೆನೂ ಇರತ್ತೆ, ನಂಬರ್ ಸೇವ್ ಮಾಡ್ಕೊಳ್ಳಿ.

ಮಾತಿನ ಮೂಲಕ ಚಿಕಿತ್ಸೆ ಕೊಡೋ ಕ್ಲಿನಿಕಲ್ ಸೈಕಾಲಜಿಸ್ಟ್ ಆದ್ರೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನಂಬರ್ ಇರ್ಬೇಕು, ಮಾತ್ರೆ ಬರೆಯೋ ಮನೋವೈದ್ಯರು ಅಂದ್ರೆ ಸೈಕಿಯಾಟ್ರಿಸ್ಟ್ ಆದ್ರೆ ಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಷನ್ ಇರ್ಬೇಕು, ಎರಡೂ ಆನ್‌ಲೈನಲ್ಲಿ ಹುಡುಕಬಹುದು. ಕೇಳಿದ್ರೆ ಸಿಟ್ಟಾಗೋರ ಹತ್ರ ಒಂದು ನಿಮಿಷಾನೂ ಕೂರಬೇಡಿ. ನಾವು ಕೇಳಿರ್ಲಿಲ್ಲ.

ತಮ್ಮ ಈಗ ನಿಮ್ಹಾನ್ಸ್‌ಗೆ ಹೋಗ್ತಾನೆ, ಬೆಳಗಿನ ಜಾವದ ಟ್ರೈನಿಗೆ ಅಪ್ಪಾನೇ ಕರ್ಕೊಂಡು ಹೋಗ್ತಾರೆ. ಹೋದ ತಿಂಗಳು ವಾಪಸ್ ಬರ್ತಾ ಇಬ್ರೂ ಮಸಾಲೆ ದೋಸೆ ತಿಂದ್ರಂತೆ, ಅವ್ನೇ ಕೇಳಿ ತಿಂದನಂತೆ.