‘ಗ್ಯಾಸ್ ಖಾಲಿ ಸಾರ್’ ಅಂದರೆ ಮೊದಲು ಫ್ಯಾನ್ ತಿರುಗುತ್ತಿದೆಯಾ ನೋಡಿ

ಹಳೇ ಕಾರು ಇಟ್ಟುಕೊಂಡವರೆಲ್ಲ ಸ್ವಲ್ಪ ಇದನ್ನು ಓದಿ. ಎಸಿ ಕೂಲಿಂಗ್ ಕಮ್ಮಿ ಆಗಿದೆ ಅಂತ ಅಂಗಡಿಗೆ ಹೋದಾಗ ಬಾನೆಟ್ ಎತ್ತುವ ಮುಂಚೆನೇ "ಗ್ಯಾಸ್ ಖಾಲಿ ಆಗಿದೆ ಸಾರ್" ಅಂದರೆ, ಗಾಡಿ ತಿರುಗಿಸಿಕೊಂಡು ಬಂದುಬಿಡಿ. ರಾಯಚೂರಿನಲ್ಲಿ ನನಗೆ ಆಗಿದ್ದು ಇದೇ. ಅಂಗಡಿ ಹೆಸರು ಬೇಡ, ಇಂಥದ್ದು ಎಲ್ಲ ಊರಲ್ಲೂ ಒಂದಿರುತ್ತದೆ.

ನನ್ನದು 2011ರ ಮಾಡೆಲ್, ಚಿಕ್ಕ ಪೆಟ್ರೋಲ್ ಕಾರು. ಏಪ್ರಿಲ್ ಬಂದರೆ ನಮ್ಮ ಕಡೆ 40 ಡಿಗ್ರಿ ಮಾಮೂಲು. ಲಿಂಗಸುಗೂರು ರಸ್ತೆಯಲ್ಲಿ ಓಡುತ್ತಿರುವಷ್ಟು ಹೊತ್ತು ಎಸಿ ಚೆನ್ನಾಗೇ ಇರುತ್ತಿತ್ತು, ಊರೊಳಗೆ ಬಂದು ಟ್ರಾಫಿಕ್‌ನಲ್ಲಿ ನಿಂತರೆ ಸಾಕು ಬಿಸಿ ಗಾಳಿ, ಮತ್ತೆ ಸ್ಪೀಡ್ ಹಿಡಿದರೆ ತಣ್ಣಗೆ. ಇದನ್ನೆಲ್ಲ ಅಂಗಡಿಯವನಿಗೆ ಬಿಡಿಸಿ ಹೇಳಿದೆ. ಅವನು ಕೇಳಿಸಿಕೊಳ್ಳುತ್ತಲೇ ಪೈಪ್ ಜೋಡಿಸಿ ಗ್ಯಾಸ್ ಹೊಡೆದ. 1,500 ರೂಪಾಯಿ. ಎಷ್ಟು ಗ್ರಾಂ ಹಾಕಿದೆ ಅಂದರೆ "ಫುಲ್ ಮಾಡಿದೀನಿ ಸಾರ್" ಅಂದ. ಬಿಲ್ ಇಲ್ಲ.

ಆಮೇಲೆ ಊರೊಳಗೆ ಇನ್ನೂ ಕೆಟ್ಟದಾಯಿತು. ನಿಂತಲ್ಲೇ ಕಂಪ್ರೆಸರ್ (ಎಸಿ ಗ್ಯಾಸನ್ನು ಒತ್ತಿ ತಳ್ಳುವ ಪಂಪು) ಟಕ್ ಅಂತ ಆಫ್ ಆಗುವುದು, ಸ್ವಲ್ಪ ಹೊತ್ತು ಬಿಟ್ಟು ಆನ್, ಮತ್ತೆ ಆಫ್. ವಾಪಸ್ ಹೋದರೆ ಈ ಸಲ ಮುಖ ಸಪ್ಪೆ ಮಾಡಿಕೊಂಡು "ಕಂಪ್ರೆಸರ್ ಹೋಗಿದೆ, 16,000 ಆಗುತ್ತದೆ, ನಾಳೆ ಬಿಟ್ಟು ಹೋಗಿ" ಅಂದ. ಪ್ರೆಶರ್ ಅಳೆಯುವ ಗೇಜ್ ಹಾಕಿ ತೋರಿಸು ಅಂದಿದ್ದಕ್ಕೆ ಸಿಟ್ಟು ಬೇರೆ.

ಕೊನೆಗೆ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಮ್ಮಿ. ಎಂಜಿನ್ ಸ್ಟಾರ್ಟ್ ಮಾಡಿಸಿ, ಎಸಿ ಹಾಕಿಸಿ, ಒಂದು ಹಾಳೆ ಪೇಪರ್ ತೆಗೆದುಕೊಂಡು ಗ್ರಿಲ್ ಮುಂದೆ ಹಿಡಿದರು. ಹಾಳೆ ಕೆಳಗೆ ಬಿತ್ತು. "ಫ್ಯಾನ್ ಎಳೀತಾ ಇದ್ದರೆ ಇದು ಅಂಟಿಕೊಳ್ಳಬೇಕಿತ್ತು" ಅಂದರು. ಆಮೇಲೆ ಗೇಜ್ ಜೋಡಿಸಿದರು. ಹೈ ಸೈಡ್ ಮುಳ್ಳು, ಅಂದರೆ ಕಂಪ್ರೆಸರ್ ಗ್ಯಾಸನ್ನು ಒತ್ತಿ ಹೊರಗೆ ಬಿಡುವ ಕಡೆಯ ಪ್ರೆಶರ್ ತೋರಿಸುವ ಮುಳ್ಳು, 350 ಪಿಎಸ್‌ಐ ದಾಟಿ ಹೋಗುತ್ತಿತ್ತು. ಒಂದು ಚೊಂಬು ನೀರು ತಗೊಂಡು ಕಂಡೆನ್ಸರ್ (ಗ್ರಿಲ್ ಹಿಂದೆ ಬಿಸಿ ಗ್ಯಾಸನ್ನು ತಣ್ಣಗೆ ಮಾಡುವ ಜಾಲರಿ) ಮೇಲೆ ನಿಧಾನಕ್ಕೆ ಸುರಿದರು ನೋಡಿ, ಮುಳ್ಳು ನನ್ನ ಕಣ್ಣೆದುರೇ ಇಳಿಯಿತು, ಒಳಗೆ ಕೂತಿದ್ದ ನನ್ನ ಮಗಳು "ಅಪ್ಪಾ, ತಣ್ಣಗೆ ಬಂತು" ಅಂತ ಕೂಗಿದಳು. ಸತ್ತ ಕಂಪ್ರೆಸರ್ ಅಷ್ಟು ಪ್ರೆಶರ್ ಹುಟ್ಟಿಸುತ್ತದಾ ಹೇಳಿ.

ಕಂಡೆನ್ಸರ್ ಫ್ಯಾನ್‌ನ ಮೋಟರ್ ಸುಟ್ಟಿತ್ತು, ಅಷ್ಟೇ. ನನ್ನ ಕಾರಿನಲ್ಲಿ ರೇಡಿಯೇಟರ್‌ಗೆ ಬೇರೆ ಫ್ಯಾನ್ ಇದೆ, ಅದು ಸರಿ ಇದ್ದಿದ್ದರಿಂದ ಟೆಂಪರೇಚರ್ ಮುಳ್ಳು ಏರಲೇ ಇಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಗಾಡಿ ಓಡುವಾಗ ಎದುರುಗಾಳಿಯೇ ಕಂಡೆನ್ಸರ್ ತಣ್ಣಗೆ ಮಾಡುತ್ತಿತ್ತು. ನಿಂತರೆ ಅದೂ ಇಲ್ಲ. ಅದರ ಮೇಲೆ ಆ ಪುಣ್ಯಾತ್ಮ ಜಾಸ್ತಿ ಗ್ಯಾಸ್ ತುಂಬಿಸಿದ್ದಕ್ಕೆ ಪ್ರೆಶರ್ ಇನ್ನೂ ಏರಿ, ಪ್ರೆಶರ್ ಸ್ವಿಚ್ಚು ಕಂಪ್ರೆಸರನ್ನು ಕಟ್ ಮಾಡುತ್ತಿತ್ತು. ಮೋಟರ್ ಬದಲಾಯಿಸಿ, ಇದ್ದ ಗ್ಯಾಸ್ ಪೂರ್ತಿ ತೆಗೆಸಿ, ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವುದಕ್ಕೆ ಅರ್ಧ ಗಂಟೆ ವ್ಯಾಕ್ಯೂಮ್ ಹಿಡಿಸಿ, ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಬರೆದಷ್ಟೇ ಎಸಿ ಗ್ಯಾಸ್ (ಆರ್-134ಎ) ತೂಕ ಮಾಡಿ ಹಾಕಿದರು. ಎಲ್ಲ ಸೇರಿ 16,000ದ ಕಾಲುಭಾಗವೂ ಆಗಲಿಲ್ಲ.

ಎಸಿ ಗ್ಯಾಸು ಅಡುಗೆಮನೆ ಸಿಲಿಂಡರ್ ಅಲ್ಲ, ಬಳಸಿದಷ್ಟು ಖಾಲಿ ಆಗುವುದಕ್ಕೆ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಹಳೇ ಗಾಡಿಯಲ್ಲಿ ಹೋಸ್, ಸೀಲ್‌ಗಳಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಸೋರುವುದು ನಿಜ. ಆದರೆ ಪ್ರತಿ ಬೇಸಿಗೆ ಹಾಕಿಸಬೇಕು ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ಜಾಯಿಂಟ್ ಹತ್ತಿರ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿಕೊಂಡಿದೆಯಾ ನೋಡಿ, ಗ್ಯಾಸ್ ಜೊತೆ ಕಂಪ್ರೆಸರ್ ಆಯಿಲ್ಲೂ ಹೊರಗೆ ಬರುತ್ತದೆ. ಸೋರಿಕೆ ಹುಡುಕದೆ ಗ್ಯಾಸ್ ಹಾಕಿಸಿದರೆ ದುಡ್ಡು ಗಾಳಿಗೆ ಹೋದ ಹಾಗೆ. ಸೋರಿಕೆ ಮುಚ್ಚುತ್ತದೆ ಅಂತ ಡಬ್ಬಿಯಲ್ಲಿ ಬರುವ ಸೀಲೆಂಟ್ ಇದೆಯಲ್ಲ, ಅದನ್ನಂತೂ ಹತ್ತಿರ ಬಿಟ್ಟುಕೊಳ್ಳಬೇಡಿ. ಒಳಗೆ ಗಟ್ಟಿಯಾಗಿ, ಗ್ಯಾಸ್ ಹರಿವನ್ನು ಹಿಡಿತದಲ್ಲಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್ ಕಟ್ಟಿಕೊಂಡರೆ ಆಮೇಲೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ.

ಗೇಜ್ ತೋರಿಸಿ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಹೈ ಸೈಡ್, ಲೋ ಸೈಡ್ (ಕಂಪ್ರೆಸರ್ ಗ್ಯಾಸನ್ನು ಎಳೆದುಕೊಳ್ಳುವ ಕಡೆ) ಎರಡೂ ಮುಳ್ಳು ಕೆಳಗಿದ್ದರೆ ಗ್ಯಾಸ್ ಕಮ್ಮಿ ಅನ್ನುವ ಮಾತಿಗೆ ಅರ್ಥ ಇದೆ. ಎರಡೂ ಮೇಲಿದ್ದರೆ ಫ್ಯಾನ್, ಕೊಳೆ ಕಟ್ಟಿದ ಕಂಡೆನ್ಸರ್, ಇಲ್ಲವೇ ಜಾಸ್ತಿ ತುಂಬಿದ ಗ್ಯಾಸ್. ಲೋ ಸೈಡ್ ಮೇಲೆ, ಹೈ ಸೈಡ್ ಕೆಳಗೆ ಇದ್ದರೆ ಮಾತ್ರ ಕಂಪ್ರೆಸರ್ ಮೇಲೆ ಅನುಮಾನ ಪಡಬಹುದು.

ಗಾಳಿಯೇ ಕಮ್ಮಿ ಬರುತ್ತಿದ್ದರೆ ಅದರ ಕತೆ ಬೇರೆ. ಗ್ಲೋವ್ ಬಾಕ್ಸ್ ಹಿಂದೆ ಎಸಿ ಫಿಲ್ಟರ್ ಇದ್ದರೆ ಅದನ್ನು ಎಳೆದು ನೋಡಿ, ನಮ್ಮ ಕಡೆಯ ಧೂಳಿಗೆ ಅದು ಕಂಬಳಿ ಥರ ಆಗಿರುತ್ತದೆ. ಕೆಲವು ಹಳೇ ಗಾಡಿಗಳಲ್ಲಿ ಹೀಟರ್ ಕೇಬಲ್ ಸಡಿಲ ಆಗಿ ಎಂಜಿನ್ನಿನ ಬಿಸಿ ನೀರು ಹೀಟರ್ ಒಳಗೆ ಹರಿಯುತ್ತಲೇ ಇರುತ್ತದೆ, ನಾಬ್ ಪೂರ್ತಿ ತಂಪಿನ ಕಡೆ ಇದ್ದರೂ ಕೂಲಿಂಗ್ ಸತ್ತ ಹಾಗೆ ಅನಿಸುತ್ತದೆ. ಇದಕ್ಕೆ ಗ್ಯಾಸ್ ಎಷ್ಟು ಹೊಡೆದರೂ ಪ್ರಯೋಜನ ಇಲ್ಲ.

1,500 ವಾಪಸ್ ಕೇಳುವುದಕ್ಕೆ ಹೋಗಿದ್ದೆ. "ಬಿಲ್ ತೋರಿಸಿ ಸಾರ್" ಅಂದ.