ಅರ್ಜೆಂಟಲ್ಲಿ ಟೂಲ್ಸ್ ತಗೊಳೋರು ಒಂದ್ಸಲ ಓದಿ, ಅದ್ರಲ್ಲೂ ಟೆಸ್ಟರ್ ತಗೊಳೋರು

ಎಲೆಕ್ಟ್ರಿಕಲ್, ಪ್ಲಂಬಿಂಗ್ ಕೆಲಸ ಮಾಡೋರಿಗೂ ಹೇಳ್ತಿದೀನಿ, ಮನೇಲಿ ಸಣ್ಣಪುಟ್ಟ ರಿಪೇರಿ ತಾವೇ ಮಾಡ್ಕೊಳೋರಿಗೂ ಹೇಳ್ತಿದೀನಿ. ಒಳ್ಳೆ ಬ್ರ್ಯಾಂಡ್ ಹೆಸರಲ್ಲಿ ಡೂಪ್ಲಿಕೇಟ್ ಟೂಲ್ಸ್ ಬೆಂಗಳೂರಲ್ಲಿ ಆರಾಮಾಗಿ ಮಾರ್ತಿದಾರೆ, ಪ್ಯಾಕಿಂಗ್ ನೋಡಿದ್ರೆ ಒರಿಜಿನಲ್ಲೇ ಅನ್ಸತ್ತೆ. ದುಡ್ಡು ಹೋದ್ರೆ ಹಾಳಾಗ್ಹೋಗ್ಲಿ, ನಮ್ಮ ಜೊತೆ ಕೆಲಸ ಮಾಡೋ ಹುಡುಗನ ಜೀವಕ್ಕೇ ಬಂದಿತ್ತು.

ಆಗಿದ್ದು ಏನಂದ್ರೆ ಯಲಹಂಕ ಕಡೆ ಒಂದು ಮನೆ ಫಿನಿಶಿಂಗ್ ನಡೀತಿತ್ತು, ಸೋಮವಾರ ಬಾತ್‌ರೂಮು, ಗೀಸರು ಎಲ್ಲಾ ಓನರ್‌ಗೆ ರೆಡಿ ಮಾಡಿ ಕೊಡ್ಬೇಕಿತ್ತು, ಶನಿವಾರ ರಾತ್ರಿ ಸೈಟಲ್ಲಿರೋ ಶೆಡ್ಡಿನ ಬೀಗ ಒಡೆದು ಯಾರೋ ಟೂಲ್ ಬ್ಯಾಗ್ ಎತ್ಕೊಂಡ್ ಹೋದ್ರು. ವರ್ಷಗಟ್ಲೆ ಒಂದೊಂದಾಗಿ ಸೇರಿಸಿದ್ದ ಸಾಮಾನು. ಭಾನುವಾರ ಎಸ್‌ಜೆಪಿ ರೋಡಲ್ಲಿ ಟೂಲ್ಸ್ ಅಂಗಡಿಗಳು ಹೆಚ್ಚುಕಮ್ಮಿ ಎಲ್ಲಾ ಶಟರ್ ಎಳೆದಿರ್ತವೆ, ಅದಕ್ಕೇ ಸೈಟಿಗೆ ಹತ್ರ ಮೇನ್ ರೋಡಲ್ಲಿ ತೆಗೆದಿದ್ದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿ ಹೆಸರು ಹಾಕಲ್ಲ, ಯಾಕಂದ್ರೆ ಇಂಥ ಅಂಗಡಿ ಒಂದೇ ಇಲ್ಲ. ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್, ಪೈಪ್ ರೆಂಚ್, ಸ್ಕ್ರೂ ಸ್ಪ್ಯಾನರ್ (ಬಾಯಿ ಅಗಲ ಹೆಚ್ಚುಕಮ್ಮಿ ಮಾಡ್ಕೊಳೋ ಪಾನಾ), ಲೈನ್ ಟೆಸ್ಟರ್ (ವೈರಲ್ಲಿ ಕರೆಂಟ್ ಇದೆಯಾ ಅಂತ ನೋಡೋದು), ಎಲ್ಲಾ ಹೆಸರು ಮಾಡಿದ ಬ್ರ್ಯಾಂಡೇ ಕೇಳಿದೆ, ಅವನೂ ಅದೇ ಹೆಸರಿರೋ ಪ್ಯಾಕೆಟ್ ತೆಗೆದು ಮುಂದಿಟ್ಟ. "ಒರಿಜಿನಲ್ ತಾನೇನಣ್ಣ" ಅಂದ್ರೆ "ಡೂಪ್ಲಿಕೇಟ್ ನಾವ್ ಇಡೋದೇ ಇಲ್ಲ ಸಾರ್, ಬೇಕಾದ್ರೆ ಬೇರೆ ಕಡೆ ವಿಚಾರ್ಸಿ" ಅಂತ ಮುಖ ಬೇರೆ ಊದಿಸ್ಕೊಂಡ.

ಸೋಮವಾರ ಮೊದ್ಲು ಕೈಕೊಟ್ಟಿದ್ದು ಪೈಪ್ ರೆಂಚು. ಜಿಐ ನಿಪ್ಪಲ್ (ಪೈಪ್ ಸೇರಿಸೋ ಕಬ್ಬಿಣದ ತುಂಡು ಪೈಪು) ಬಿಚ್ಚೋಕೆ ಹಾಕಿ ಜೋರಾಗಿ ಎಳೆದ್ರೆ ಜಾರುತ್ತೆ, ಮತ್ತೆ ಹಾಕಿದ್ರೆ ಮತ್ತೆ ಜಾರುತ್ತೆ, ತೆಗೆದು ನೋಡಿದ್ರೆ ಹಲ್ಲುಗಳೇ ನುಣ್ಣಗಾಗಿವೆ. ಪೈಪಿಗೆ ಒಂದು ಗೀರೂ ಬಿದ್ದಿಲ್ಲ! ಸ್ಕ್ರೂ ಸ್ಪ್ಯಾನರ್ ಕಥೆ ಇನ್ನೂ ಚೆಂದ, ಲೋಡ್ ಬಿದ್ದ ತಕ್ಷಣ ಬಾಯಿ ಅಗಲ ಆಗಿ ಆಂಗಲ್ ವಾಲ್ವಿನ ನಟ್ ಮೂಲೆ ಎಲ್ಲಾ ಸವೆಸಿಬಿಡ್ತು, ಆ ವಾಲ್ವ್ ನಾನೇ ಹೊಸದು ಹಾಕಿಕೊಡ್ಬೇಕಾಯ್ತು. ಪ್ಲೇಯರಲ್ಲಿ ಮಾಮೂಲಿ ತಾಮ್ರದ ವೈರ್ ಕಟ್ ಮಾಡಿದ್ದಕ್ಕೇ ಕಟರ್ ಬಾಯಲ್ಲಿ ಕಚ್ಚು ಬಿದ್ದಿದೆ, ತಾಮ್ರಕ್ಕೆ ಸೋಲೋದು ಎಂಥ ಸ್ಟೀಲ್ ಮಾರಾಯ್ರೆ.

ಇಷ್ಟೇ ಆಗಿದ್ರೆ ನಾನು ಇಷ್ಟುದ್ದ ಬರೀತಾನೇ ಇರ್ಲಿಲ್ಲ, ವಿಷಯ ಇರೋದು ಟೆಸ್ಟರಲ್ಲಿ. ಡಿಬಿ ಬಾಕ್ಸಲ್ಲಿ (ಮನೆ ಲೈನ್‌ಗಳ ಮೇನ್ ಸ್ವಿಚ್ ಎಲ್ಲಾ ಇರೋ ಡಬ್ಬ) ಗೀಸರ್ ಅಂತ ಬರೆದಿದ್ದ ಎಂಸಿಬಿ ಸ್ವಿಚ್ ಆಫ್ ಮಾಡಿದ್ವಿ, ಆದ್ರೆ ಹಿಂದೆ ವೈರಿಂಗ್ ಮಾಡಿದ ಪುಣ್ಯಾತ್ಮ ಲೇಬಲ್ ಅದಲುಬದಲು ಅಂಟಿಸಿದ್ದ. ಟೆಸ್ಟರನ್ನ ಮೊದ್ಲು ಪಕ್ಕದ ಪ್ಲಗ್ಗಲ್ಲಿಟ್ಟು ನೋಡಿದ್ವಿ, ಉರೀತು. ಆಮೇಲೆ ಗೀಸರ್ ಪಾಯಿಂಟಲ್ಲಿ ಇಟ್ರೆ ಉರೀಲಿಲ್ಲ, ಸರಿ ಲೈನ್ ಸತ್ತಿದೆ ಅಂತ ಹುಡುಗ ವೈರಿಗೆ ಕೈ ಹಾಕ್ದ, ಹಾಕಿದ್ದೇ ಹಿಂದಕ್ಕೆ ಎಗರಿ ಬಿದ್ದ. ಪುಣ್ಯಕ್ಕೆ ಆ ಮನೇಲಿ 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಲೈನ್ ಕಟ್ ಮಾಡೋ ಸ್ವಿಚ್ಚು) ಹಾಕಿದ್ರು, ಅದು ಟ್ರಿಪ್ ಆಯ್ತು. ಬಾತ್‌ರೂಮಿನ ಒದ್ದೆ ನೆಲ, ಆರ್‌ಸಿಸಿಬಿ ಇಲ್ಲದ ಹಳೇ ಮನೆ ಆಗಿದ್ರೆ ಏನಾಗ್ತಿತ್ತು ಅಂತ ಯೋಚಿಸೋಕೂ ಇಷ್ಟ ಇಲ್ಲ.

ಆಮೇಲೆ ಟೆಸ್ಟರ್ ಬಿಚ್ಚಿ ನೋಡ್ದೆ. ಟೆಸ್ಟರ್ ಒಳಗೆ ಇರೋದೇ ಮೂರು ಸಾಮಾನು, ಒಂದು ರೆಸಿಸ್ಟರ್ (ಕೈಗೆ ಬರೋ ಕರೆಂಟ್ ಕಮ್ಮಿ ಮಾಡೋದು), ಒಂದು ನಿಯಾನ್ ಬಲ್ಬು, ಇವನ್ನ ಒತ್ತಿ ಹಿಡಿಯೋ ಒಂದು ಸ್ಪ್ರಿಂಗು. ಇದ್ರಲ್ಲಿ ಸ್ಪ್ರಿಂಗ್ ತುಕ್ಕು ಹಿಡಿದು ಕುಗ್ಗಿತ್ತು, ರೆಸಿಸ್ಟರ್ ಕಾಲು ತಗುಲಿದ್ರೆ ತಗುಲ್ತು ಇಲ್ಲಾಂದ್ರೆ ಇಲ್ಲ ಅನ್ನೋ ಥರ ಅಲ್ಲಾಡ್ತಿತ್ತು, ಅಲುಗಾಡಿಸಿದ್ರೆ ಉರಿಯುತ್ತೆ, ಸುಮ್ನೆ ಇಟ್ರೆ ಆರುತ್ತೆ. ಇದಕ್ಕಿಂತ ಪೂರ್ತಿ ಕೆಟ್ಟುಹೋಗಿರೋ ಟೆಸ್ಟರೇ ವಾಸಿ, ಅದನ್ನ ಯಾರೂ ನಂಬಲ್ಲ. ಇನ್ನೊಂದು ಥರ ಡೂಪ್ಲಿಕೇಟೂ ಇರುತ್ತೆ, ರೆಸಿಸ್ಟರ್ ವ್ಯಾಲ್ಯೂ ಸರಿ ಇರಲ್ಲ, ಅಂಥದ್ರಲ್ಲಿ ಹಿಂದಿನ ಕ್ಯಾಪ್ ಮುಟ್ಟಿದವನಿಗೇ ಶಾಕ್. ನಾನಂತೂ ಈಗ ಟೆಸ್ಟರನ್ನೇ ನಂಬಿ ಯಾರಿಗೂ ವೈರ್ ಮುಟ್ಟೋಕೆ ಬಿಡಲ್ಲ, ಮಲ್ಟಿಮೀಟರ್ (ವೋಲ್ಟೇಜ್ ಅಳೆಯೋ ಮೀಟರ್) ಇಟ್ಟು ಫೇಸ್ ನ್ಯೂಟ್ರಲ್, ಫೇಸ್ ಅರ್ಥ್ ಎರಡೂ ನೋಡಿ, ಮತ್ತೆ ಕರೆಂಟ್ ಇರೋ ಪ್ಲಗ್ಗಲ್ಲಿ ಮೀಟರ್ ಸರಿ ಇದೆಯಾ ಅಂತ ಇನ್ನೊಂದ್ಸಲ ನೋಡಿದ ಮೇಲೇನೇ ಕೈ ಹಾಕೋದು.

ಎಲ್ಲಾ ತಗೊಂಡು ಅಂಗಡಿಗೆ ಹೋದೆ. "ಟೂಲ್ಸಿಗೆಲ್ಲಾ ಗ್ಯಾರಂಟಿ ಬರಲ್ಲ ಸಾರ್, ನೀವ್ ಹೆಂಗೆ ಯೂಸ್ ಮಾಡಿದೀರೋ" ಅಂದ. ಕೊಟ್ಟಿದ್ದು ಬಿಲ್ಲಲ್ಲ, ಎಸ್ಟಿಮೇಟ್ ಅಂತ ಬರೆದ ಚೀಟಿ, ಅದ್ರಲ್ಲಿ ಜಿಎಸ್‌ಟಿ ನಂಬರೂ ಇಲ್ಲ, ಕೆಳಗಡೆ ಮಾತ್ರ ಮಾರಿದ ಮಾಲು ವಾಪಸ್ ತಗೊಳಲ್ಲ ಅಂತ ದಪ್ಪಕ್ಷರ. ಹಂಗೆ ಪ್ರಿಂಟ್ ಹಾಕಿಸಿದ ಮಾತ್ರಕ್ಕೆ ಅವ್ರು ಗೆದ್ರು ಅಂತಲ್ಲ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೇ ಇರೋದೂ ತಪ್ಪೇ, ಬಿಲ್ಲಲ್ಲಿ ಬೇರೆ ಗಡುವು ಇಲ್ಲಾಂದ್ರೆ 30 ದಿನದೊಳಗೆ ತಂದ ಡಿಫೆಕ್ಟ್ ಮಾಲು ವಾಪಸ್ ತಗೊಳಲ್ಲ ಅನ್ನೋದೂ ತಪ್ಪೇ. ಗ್ರಾಹಕರ ಹೆಲ್ಪ್‌ಲೈನ್ 1915ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟಿದೀನಿ.

ಹಂಗಾದ್ರೆ ಒರಿಜಿನಲ್ ಗುರುತು ಹಿಡಿಯೋದು ಹೆಂಗೆ ಅಂತ ಕೇಳ್ತೀರಿ. ಹೊಳಪು ನೋಡಿ ಬೀಳಬೇಡಿ, ಕಳಪೆ ಲೋಹದ ಮೇಲೆ ದಪ್ಪ ಕ್ರೋಮ್ ಹೊಡೆದ್ರೆ ಸ್ಟೀಲ್ ತಟ್ಟೆ ಥರ ಮಿಂಚುತ್ತೆ. ಕ್ರೋಮ್ ವೆನೇಡಿಯಮ್ (ಟೂಲ್ಸಿಗೆ ಹಾಕೋ ಗಟ್ಟಿ ಸ್ಟೀಲ್) ಅಂತ ಬರೆದಿದ್ರೂ ನಂಬೋ ಹಾಗಿಲ್ಲ, ಬರೆಯೋಕೆ ಏನ್ ಖರ್ಚು. ಪ್ಲೇಯರ್ ಮುಚ್ಚಿ ಬೆಳಕಿಗೆ ಹಿಡೀರಿ, ಕಟರ್ ಹತ್ರ ಬೆಳಕು ತೂರಿದ್ರೆ ಅಲ್ಲೇ ವಾಪಸ್ ಕೊಡಿ, ರಿವೆಟ್ ಹತ್ರ ಪಕ್ಕಕ್ಕೆ ಅಲ್ಲಾಡ್ತಿದ್ರೂ ಅಷ್ಟೇ. ಪೈಪ್ ರೆಂಚಿನ ಹಲ್ಲಿನ ಮೇಲೆ ಅರ (ಫೈಲು) ಇಟ್ಟು ಮೆಲ್ಲಗೆ ಉಜ್ಜಿ ನೋಡೋಕೆ ಬಿಟ್ರೆ ಇನ್ನೂ ಒಳ್ಳೇದು, ಗಟ್ಟಿ ಹಲ್ಲಾದ್ರೆ ಅರ ಜಾರುತ್ತೆ, ಮೆತ್ತಗಿದ್ರೆ ಪುಡಿ ಉದುರುತ್ತೆ. ಪ್ಯಾಕೆಟ್ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು, ಕಂಪನಿ ವಿಳಾಸ, ಕಸ್ಟಮರ್ ಕೇರ್ ನಂಬರ್ ಇರ್ಲೇಬೇಕು, ನನಗೆ ಸಿಕ್ಕಿದ್ದ ಪ್ಯಾಕೆಟ್ಟಲ್ಲಿ ವಿಳಾಸದ ಜಾಗದಲ್ಲಿ ಬರೀ ಊರಿನ ಹೆಸರಿತ್ತು. ಐಎಸ್‌ಐ ಮಾರ್ಕ್ ಇದ್ರೆ ಅದರ ಕೆಳಗಿರೋ ಸಿಎಂ/ಎಲ್ ನಂಬರನ್ನ (ಲೈಸೆನ್ಸ್ ನಂಬರ್) ಆ ಮಾರ್ಕ್ ಕೊಡೋ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದ್ರೆ ಲೈಸೆನ್ಸ್ ಯಾರದು ಅಂತ ಗೊತ್ತಾಗತ್ತೆ. ಕರೆಂಟ್ ಕೆಲಸಕ್ಕೆ ಪ್ಲೇಯರ್ ತಗೊಳೋರು ಹಿಡಿಕೆಗೆ ಪ್ಲಾಸ್ಟಿಕ್ ಇದೆ ಅಂತ ಸುಮ್ನಾಗಬೇಡಿ, ಎರಡು ತ್ರಿಕೋನದ ಗುರುತು, 1000 ವೋಲ್ಟ್, ಐಇಸಿ 60900 (ಇಂಥ ಟೂಲ್ಸಿನ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ನಂಬರ್) ಇದು ಮೂರೂ ಇದ್ರೇನೇ ಅದು ಇನ್ಸುಲೇಟೆಡ್, ಮಿಕ್ಕಿದ್ದು ಕೈ ಜಾರದೇ ಇರ್ಲಿ ಅಂತ ಹಾಕಿರೋ ಕವರ್ ಅಷ್ಟೇ.

ಎಲ್ಲಿ ತಗೊಳೋದು ಅಂದ್ರೆ, ಕೆಲಸದ ದಿನ ಆದ್ರೆ ನನ್ನ ಓಟು ಎಸ್‌ಜೆಪಿ ರೋಡಿಗೇ, ಕೆಆರ್ ಮಾರ್ಕೆಟ್ ಮೆಟ್ರೋ ಇಳಿದು ನಡ್ಕೊಂಡೇ ಹೋಗ್ಬೋದು. ಟಪಾರಿಯಾ, ಸ್ಟ್ಯಾನ್ಲಿ ಥರದ ಬ್ರ್ಯಾಂಡಿಗೆ ಡೀಲರ್ ಯಾರು ಅಂತ ಮೊದ್ಲೇ ಕಂಪನಿಗೆ ಫೋನ್ ಮಾಡಿ ಕೇಳ್ಕೊಳಿ, ಅಂಗಡೀಲಿ ಪಕ್ಕಾ ಜಿಎಸ್‌ಟಿ ಬಿಲ್ ಬೇಕು ಅಂತ ಮೊದಲನೇ ಮಾತಲ್ಲೇ ಹೇಳಿ, ಆಗ ಒಳಗಿಂದ ಬೇರೆ ಡಬ್ಬ ಬರೋದೂ ಉಂಟು. ಅದೇ ಏರಿಯಾದಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಸಂಡೇ ಬಜಾರ್ ನಡಿಯುತ್ತೆ, ಹಳೇ ಗೆಡೋರೆ ಕಂಪನಿ ಪಾನಾ (ಸ್ಪ್ಯಾನರ್) ಕಣ್ಣಿಗೆ ಬಿದ್ರೆ ಅದೃಷ್ಟ, ಆದ್ರೆ ಅಲ್ಲಿ ಹೊಸ ಪ್ಯಾಕೆಟ್ ಮಾತ್ರ ಮುಟ್ಟಬೇಡಿ (ನನ್ನ ಬ್ಯಾಗೂ ಅಲ್ಲೇ ಎಲ್ಲೋ ಇರ್ಬೋದು ಬಿಡಿ). ಪೀಣ್ಯ ಕಡೆ ಇರೋರಿಗೆ ಫ್ಯಾಕ್ಟರಿಗಳಿಗೆ ಸಪ್ಲೈ ಮಾಡೋ ಟೂಲ್ಸ್ ಅಂಗಡಿಗಳು ಹತ್ರ, ರೇಟ್ ಸ್ವಲ್ಪ ಜಾಸ್ತಿ ಅನ್ಸಿದ್ರೂ ಅಲ್ಲಿ ದಿನಾ ಬರೋ ಫಿಟ್ಟರ್‌ಗಳಿಗೆ ಡೂಪ್ಲಿಕೇಟ್ ಕೊಟ್ಟು ದಕ್ಕಿಸ್ಕೊಳೋದು ಕಷ್ಟ. ಊರ ಕಡೆ ಆದ್ರೆ ಪೇಂಟು ಸಿಮೆಂಟು ಮಾರೋ ಅಂಗಡಿ ಬಿಟ್ಟು ಬೇರಿಂಗ್ ಅಂಗಡಿ, ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡೀಲಿ ಕೇಳಿ, ಇಲ್ಲಾ ಮೋಟರ್ ವೈಂಡಿಂಗ್ ಮಾಡೋರನ್ನ ನೀವೆಲ್ಲಿ ತಗೊಳ್ತೀರಿ ಅಂತ ವಿಚಾರ್ಸಿ.

ಭಾನುವಾರ ಏನೂ ಸಿಗ್ಲಿಲ್ಲಾಂದ್ರೆ ಗೊತ್ತಿರೋ ಕಾಂಟ್ರಾಕ್ಟರ್ ಹತ್ರ ಒಂದಿನಕ್ಕೆ ಕೇಳಿ ಇಸ್ಕೊಂಡ್ಬಿಡಿ. ಸೋಮವಾರ ಮಧ್ಯಾಹ್ನ ನಾನೂ ಅದನ್ನೇ ಮಾಡಿದ್ದು, ಪಕ್ಕದ ಸೈಟಿನ ಪ್ಲಂಬರ್ ಅಣ್ಣ ಕೊಟ್ಟ ಹಳೇ ಪೈಪ್ ರೆಂಚಲ್ಲಿ ಆ ನಿಪ್ಪಲ್ ಒಂದೇ ಎಳೆತಕ್ಕೆ ಬಂತು. ಹುಬ್ಳಿ, ದಾವಣಗೆರೆ, ಮಂಗ್ಳೂರು ಕಡೆಯವ್ರು ನಿಮ್ಮೂರಲ್ಲಿ ರಜಾ ದಿನಾನೂ ತೆಗೆದಿರೋ, ಬಿಲ್ ಕೊಡೋ ಅಂಗಡಿ ಗೊತ್ತಿದ್ರೆ ಏರಿಯಾ ಸಮೇತ ತಿಳಿಸಿ.