ದಿನದ ಓಟಕ್ಕೆ ಮೂರು ಮೆತ್ತನೆ ಶೂ: ಮಳೆ ಬಿದ್ದ ಕಲ್ಲಿನ ಮೇಲೆ ನಿಂತದ್ದು ಒಂದೇ

ವಾರವಿಡೀ ಎಲ್ಲ ಬಗೆಯ ಓಟಕ್ಕೂ ಒಂದೇ ಜೋಡಿ ಸಾಕು ಅನ್ನುವವರಿಗೆ ನನ್ನ ಉತ್ತರ ಪ್ಯೂಮಾ ವೆಲಾಸಿಟಿ ನೈಟ್ರೋ 3. ಅದರ ಜೊತೆಗೆ ಅದೇ ದಾರಿಗಳಲ್ಲಿ ಓಡಿ ನೋಡಿದ್ದು ನೈಕಿ ಪೆಗಸಸ್ 41 ಮತ್ತು ಬೇರೊಂದು ಕಂಪನಿಯ ಎತ್ತರದ ಅಟ್ಟೆಯ ಹಗುರ ಶೂ. ಮೂರನೆಯದರ ಹೆಸರು ಬರೆಯುವುದಿಲ್ಲ. ಅದರ ಮೇಲಿನ ದೂರು ಒಂದೇ ಜೋಡಿಯಿಂದ ಬಂದದ್ದು, ಆ ಜಾತಿಯ ಬೇರೆ ಶೂಗಳಲ್ಲೂ ಅದೇ ಕಾರಣಕ್ಕೆ ಅದೇ ತೊಂದರೆ ಬರಬಹುದು. ಇಲ್ಲಿ ಅದನ್ನು ‘ಎತ್ತರದ ಶೂ’ ಅಂತ ಕರೆಯುತ್ತೇನೆ.

ದಾರಿಗಳು ಬೆಂಗಳೂರಿನವು: ಕಬ್ಬನ್ ಪಾರ್ಕಿನ ಟಾರು ಮತ್ತು ಮಣ್ಣು, ಲಾಲ್‌ಬಾಗಿನ ಬಂಡೆಯ ಇಳಿಜಾರು, ಚಪ್ಪಡಿ ಹಾಸಿದ ಫುಟ್‌ಪಾತು, ಅಲ್ಲಲ್ಲಿ ಕಾಂಕ್ರೀಟ್ ರಸ್ತೆ. ಯಾವ ಶೂ ಚೆನ್ನ ಅನ್ನುವುದು ನೆಲದ ಮೇಲೆ ನಿಂತಿರುವ ಮಾತಾದ್ದರಿಂದ ಇದನ್ನು ಮೊದಲೇ ಹೇಳಿದೆ.

ಮೆತ್ತನೆಯ ವಿಷಯ ಬೇಗ ಮುಗಿಸಬಹುದು. ಮೂರೂ ಮೆತ್ತಗಿವೆ, ಮೆತ್ತನೆಯ ಬಗೆ ಬೇರೆ. ಪೆಗಸಸ್‌ನಲ್ಲಿ ರಿಯಾಕ್ಟ್‌ಎಕ್ಸ್ ಎಂಬ ಫೋಮಿನ ಒಳಗೆ ಹಿಮ್ಮಡಿಗೊಂದು, ಮುಂಗಾಲಿಗೊಂದು ಗಾಳಿ ತುಂಬಿದ ಚೀಲವಿದೆ, ಹೆಸರು ಏರ್ ಜೂಮ್. ಊರಿದಾಗ ತುಸು ಗಟ್ಟಿ ಅನ್ನಿಸಿ, ಮುಂಗಾಲಿಗೆ ಭಾರ ಬಂದಾಗ ಪುಟಿಯುತ್ತದೆ. ವೆಲಾಸಿಟಿಯ ಫೋಮ್ ಸಾರಜನಕ ತುಂಬಿ ಉಬ್ಬಿಸಿದ್ದು. ಹಿಮ್ಮಡಿಯಿಂದ ಬೆರಳಿನವರೆಗೆ ಒಂದೇ ಹದ, ಎಲ್ಲೂ ಮುಳುಗಿದ ಹಾಗಾಗುವುದಿಲ್ಲ. ಎತ್ತರದ ಶೂ ಮೂರರಲ್ಲಿ ಅತಿ ಮೆತ್ತಗೆ, ಅತಿ ಹಗುರ. ಅಂಗಡಿಯ ಕಾರ್ಪೆಟ್ ಮೇಲೆ ನಾಲ್ಕು ಹೆಜ್ಜೆ ಇಟ್ಟು ಆರಿಸುವುದಾದರೆ ಗೆಲ್ಲುವುದು ಅದೇ. ಹಿಮ್ಮಡಿಯ ಕೆಳಗೆ ಅದರ ಎತ್ತರ 40 ಮಿ.ಮೀ. ದಾಟುತ್ತದೆ. ರಸ್ತೆ ಓಟದ ಸ್ಪರ್ಧೆಗಳಿಗೆ ವರ್ಲ್ಡ್ ಅಥ್ಲೆಟಿಕ್ಸ್ ಹಾಕಿರುವ ಮಿತಿಯೇ 40 ಮಿ.ಮೀ. ಪದಕಕ್ಕೆ ಓಡದ ನಮಗೆ ಆ ನಿಯಮ ಅಡ್ಡಿಯಲ್ಲ, ಆದರೆ ಅಷ್ಟು ಎತ್ತರದ ಮೆತ್ತನೆ ಅಟ್ಟೆಯಲ್ಲಿ ಫುಟ್‌ಪಾತಿನ ಮುರಿದ ಅಂಚು ತುಳಿದರೆ ಕಣಕಾಲು ಎಷ್ಟು ವಾಲುತ್ತದೆ ಅನ್ನುವುದು ನಮಗೂ ಮುಖ್ಯ.

ಪೆಗಸಸ್, ವೆಲಾಸಿಟಿ ಎರಡರಲ್ಲೂ ಡ್ರಾಪ್, ಅಂದರೆ ಹಿಮ್ಮಡಿ ಮತ್ತು ಮುಂಗಾಲಿನ ನಡುವಿನ ಎತ್ತರದ ವ್ಯತ್ಯಾಸ, 10 ಮಿ.ಮೀ. ಮೀನಖಂಡ ಬೇಗ ಬಿಗಿಯುವವರಿಗೆ ಇದು ಅನುಕೂಲ. 5 ಮಿ.ಮೀ. ಡ್ರಾಪ್ ಇರುವ ಹೋಕಾ ಕ್ಲಿಫ್ಟನ್ 9ರಂಥ ಶೂಗೆ ಹೋಗುವವರು ಮೊದಲ ಎರಡು ವಾರ ಚಿಕ್ಕ ಓಟಗಳಿಗಷ್ಟೇ ಹಾಕಿ, ಹಳೆಯ ಜೋಡಿಯನ್ನೂ ನಡುನಡುವೆ ಬಳಸುತ್ತಿರಬೇಕು. ಡ್ರಾಪ್ ಇಳಿದಷ್ಟೂ ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಸೇರಿಸುವ ಸ್ನಾಯುರಜ್ಜುವಿನ ಮೇಲೆ ಎಳೆತ ಹೆಚ್ಚುತ್ತದೆ.

ಇನ್ನು ನಿಜವಾದ ತಕರಾರು: ಒದ್ದೆ ನೆಲ.

ಎತ್ತರದ ಶೂ ಒಣ ಟಾರಿನ ಮೇಲೆ ಒಂದು ತಪ್ಪೂ ಮಾಡುವುದಿಲ್ಲ. ಜೂನ್ ಬಂತೋ, ಕಥೆ ಬೇರೆ. ಅದು ಜಾರುವುದು ಹಿಮ್ಮಡಿ ಊರುವಾಗ ಅಲ್ಲ, ಮುಂಗಾಲಿನಿಂದ ನೆಲವನ್ನು ಹಿಂದಕ್ಕೆ ತಳ್ಳುವಾಗ. ಪಾದ ಒಂದೆರಡು ಸೆಂಟಿಮೀಟರ್ ಹಿಂದಕ್ಕೆ ಸರಿಯುತ್ತದೆ. ಬೀಳುವಷ್ಟು ಜಾರುವುದಿಲ್ಲ, ಹಾಗಾಗಿ ಓಟ ನಿಲ್ಲಿಸುವುದೂ ಇಲ್ಲ. ಆದರೆ ಜಾರುವ ಭಯಕ್ಕೆ ಮೈ ತಾನಾಗಿ ಹೊಂದಿಕೊಳ್ಳುತ್ತದೆ: ಹೆಜ್ಜೆ ಚಿಕ್ಕದಾಗುತ್ತದೆ, ಶೂ ಒಳಗೆ ಬೆರಳುಗಳು ಅಟ್ಟೆಯನ್ನು ಹಿಡಿದುಕೊಳ್ಳಲು ನೋಡುತ್ತವೆ, ತಳ್ಳುವ ಕೆಲಸವನ್ನು ಹಿಂದೊಡೆ ಮೇಲೆ ಹಾಕಿಕೊಳ್ಳುತ್ತದೆ. ಹತ್ತು ಕಿಲೋಮೀಟರ್ ಹೀಗೆ ಓಡಿ ಬಂದರೆ ಮಾರನೆ ದಿನ ಹಿಂದೊಡೆ ಮತ್ತು ತೊಡೆಸಂದು ಬಿಗಿದಿರುತ್ತವೆ. ಆ ನೋವಿಗೆ ಕಾರಣ ಅಟ್ಟೆಯ ರಬ್ಬರು ಅಂತ ಹೊಳೆಯುವುದು ತಡವಾಗಿ.

ನಮ್ಮ ಊರುಗಳಲ್ಲಿ ಇದು ಅಪರೂಪದ ಸಂದರ್ಭವೇ ಅಲ್ಲ. ಓಡಾಟದಿಂದ ನುಣುಪಾದ ಚಪ್ಪಡಿ ಕಲ್ಲು, ರಸ್ತೆ ದಾಟುವ ಕಡೆಯ ಬಿಳಿ ಬಣ್ಣದ ಪಟ್ಟೆ, ಒಳಚರಂಡಿಯ ಕಬ್ಬಿಣದ ಮುಚ್ಚಳ, ಪಾಚಿ ಕಟ್ಟಿದ ಟೈಲ್ಸು, ಮರದಡಿ ಉದುರಿ ಕೊಳೆತ ಹೂವು-ಎಲೆಯ ಪದರ. ಬೆಂಗಳೂರಿನಲ್ಲಿ ಮುಂಗಾರು ಮುಗಿದ ಮೇಲೂ ಅಕ್ಟೋಬರಿನ ಮಳೆ ಇದ್ದೇ ಇದೆ. ಮಲೆನಾಡು, ಕರಾವಳಿಯವರಿಗಂತೂ ಹೇಳಬೇಕಾಗಿಲ್ಲ.

ಕಾರಣ ಮೂರು. ಮೊದಲನೆಯದು ರಬ್ಬರಿನ ಬಗೆ. ಕಲ್ಲಿನ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗು ಇರುತ್ತದೆ. ಮೃದು ರಬ್ಬರು ಅದರೊಳಗೆ ಇಳಿದು ಹಿಡಿಯುತ್ತದೆ. ಗಟ್ಟಿ ರಬ್ಬರು ಮೇಲೆಯೇ ನಿಲ್ಲುತ್ತದೆ, ನಡುವೆ ನೀರಿನ ತೆಳು ಪೊರೆ ಉಳಿಯುತ್ತದೆ. ಬಾಳಿಕೆ ಹೆಚ್ಚಲಿ ಎಂದು ರಬ್ಬರನ್ನು ಗಟ್ಟಿ ಮಾಡಿದಷ್ಟೂ ಒದ್ದೆ ಕಲ್ಲಿನ ಹಿಡಿತ ಕಡಿಮೆಯಾಗುವುದು ಹೀಗೆ. ಎರಡನೆಯದು ರಬ್ಬರಿನ ಅಳತೆ. ತೂಕ ಉಳಿಸಲು ಅಟ್ಟೆಯ ಅಡಿಯಲ್ಲಿ ಅಲ್ಲಲ್ಲಿ ತುಂಡು ಅಂಟಿಸಿ, ಉಳಿದ ಕಡೆ ಫೋಮನ್ನೇ ಬಿಟ್ಟಿರುತ್ತಾರೆ. ಬರೀ ಫೋಮಿನ ಮೈ ನುಣುಪು, ಒದ್ದೆಯಾದರೆ ಸೋಪಿನ ಹಾಗೆ. ಎತ್ತರದ ಶೂನಲ್ಲಿ ಹೆಬ್ಬೆರಳಿನ ಬುಡದ ನೇರ ಕೆಳಗೆ ಸುಮಾರು ಎರಡು ಬೆರಳಗಲ ಬರೀ ಫೋಮು. ತಳ್ಳುವಾಗ ಪೂರ್ತಿ ಭಾರ ಬೀಳುವುದು ಅಲ್ಲೇ. ಮೂರನೆಯದು ಹೊಸತನದ ಹೊಳಪು. ಅಚ್ಚಿನಿಂದ ಬಂದ ಆ ಪದರ ಸವೆಯಲು ಇಪ್ಪತ್ತು-ಮೂವತ್ತು ಕಿಲೋಮೀಟರ್ ಬೇಕು, ಆಮೇಲೆ ಯಾವ ಶೂ ಆದರೂ ಸ್ವಲ್ಪ ಸುಧಾರಿಸುತ್ತದೆ.

ಅಟ್ಟೆಯ ಗೀರು, ಹಲ್ಲುಗಳ ವಿನ್ಯಾಸ ನೋಡಿ ಹಿಡಿತ ಅಳೆಯುವವರಿದ್ದಾರೆ. ಗಟ್ಟಿ ನೆಲದ ಮೇಲೆ ಅದರ ಪಾತ್ರ ಸಣ್ಣದು. ಕಾರಿನ ಟೈರಿನ ಹಾಗೆ ನೀರನ್ನು ಪಕ್ಕಕ್ಕೆ ತಳ್ಳಬೇಕಾದ ವೇಗದಲ್ಲಿ ನಾವು ಓಡುವುದಿಲ್ಲ. ಹಲ್ಲು ಕೆಲಸಕ್ಕೆ ಬರುವುದು ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ.

ಎತ್ತರದ ಶೂಗೆ ಮಾಡಿದ ಉಪಚಾರದಲ್ಲಿ ಫಲ ಕೊಟ್ಟದ್ದು ಎರಡು. 80 ನಂಬರಿನ ಉಜ್ಜುಕಾಗದದಲ್ಲಿ ರಬ್ಬರಿನ ಮೇಲ್ಮೈಯನ್ನು ಅಡ್ಡಡ್ಡ ಉಜ್ಜುವುದು, ಹೊಳಪು ಹೋಗುವವರೆಗೆ ಮಾತ್ರ. ಅಂಚಿನ ಅಂಟನ್ನು ಮುಟ್ಟಬಾರದು, ಮುಟ್ಟಿದರೆ ರಬ್ಬರಿನ ತುಂಡು ಅಲ್ಲಿಂದಲೇ ಎದ್ದು ಬರುತ್ತದೆ. ಇನ್ನೊಂದು, ವಾರಕ್ಕೊಮ್ಮೆ ಅಟ್ಟೆಯನ್ನು ಸೋಪು ನೀರು ಹಾಕಿ ಬ್ರಷ್‌ನಲ್ಲಿ ತಿಕ್ಕುವುದು. ಬಸ್ ಸ್ಟಾಪು, ಆಟೋ ಸ್ಟ್ಯಾಂಡಿನ ಬಳಿ ತುಳಿದ ಎಣ್ಣೆಯ ಪಸೆ ರಬ್ಬರಿನ ಮೇಲೆ ಕೂತಿರುತ್ತದೆ. ಇವೆರಡರಿಂದ ಒದ್ದೆ ಟಾರಿನ ಮೇಲೆ ವ್ಯತ್ಯಾಸ ಗೊತ್ತಾಯಿತು, ಚಪ್ಪಡಿಯ ಮೇಲೆ ಇಲ್ಲ. ಕಲ್ಲಿಗೆ ತಾಗುವುದು ಬರೀ ಫೋಮು ಆಗಿರುವಷ್ಟು ದಿನ ಅದಕ್ಕೆ ಮದ್ದಿಲ್ಲ.

ವೆಲಾಸಿಟಿ ಗೆದ್ದದ್ದು ಇಲ್ಲೇ. ಅದರ ಅಡಿಯ ರಬ್ಬರಿಗೆ ಕಂಪನಿ ಇಟ್ಟ ಹೆಸರು ಪ್ಯೂಮಾಗ್ರಿಪ್. ಮುಂಗಾಲಿನ ಕೆಳಗೆ ಅದು ಧಾರಾಳವಾಗಿ ಹರಡಿದೆ, ಉಗುರಿನಿಂದ ಒತ್ತಿದರೆ ಒತ್ತಿದ ಗುರುತು ಬಿದ್ದು ಮಾಯವಾಗುವಷ್ಟು ಮೃದು. ಒದ್ದೆ ಬಿಳಿ ಪಟ್ಟೆಯ ಮೇಲೂ ಹೆಜ್ಜೆ ಚಿಕ್ಕದು ಮಾಡಬೇಕು ಅನ್ನಿಸುವುದಿಲ್ಲ. ಪಾಚಿಯ ಮೇಲೆ ಮಾತ್ರ ಯಾವ ರಬ್ಬರನ್ನೂ ನಂಬಬೇಡಿ: ಅಲ್ಲಿ ಕಾಲು ಕಲ್ಲನ್ನು ಮುಟ್ಟುವುದೇ ಇಲ್ಲ. ಪೆಗಸಸ್ ನಡುವಿನದು. ಒದ್ದೆ ಟಾರು, ಕಾಂಕ್ರೀಟ್ ಮೇಲೆ ನೆಚ್ಚಿಕೊಂಡು ಓಡಬಹುದು, ನುಣುಪು ಕಲ್ಲಿನ ಮೇಲೆ ವೆಲಾಸಿಟಿಯಷ್ಟು ಧೈರ್ಯ ಬರುವುದಿಲ್ಲ.

ಕೊಳ್ಳುವ ಮುಂಚೆ ನೋಡಿಕೊಳ್ಳುವುದು ಸುಲಭ. ಶೂ ತಿರುಗಿಸಿ ಹೆಬ್ಬೆರಳಿನ ಬುಡದ ಕೆಳಗೆ ರಬ್ಬರು ಇದೆಯೇ ನೋಡಿ. ಇದ್ದರೆ ಉಗುರಿನಿಂದ ಒತ್ತಿ. ನಿಮ್ಮಲ್ಲಿ ಆಗಲೇ ಇರುವ ಜೋಡಿಯಾದರೆ ಅಂಗಳದ ಕಲ್ಲಿಗೆ ಒಂದು ಚೊಂಬು ನೀರು ಸುರಿದು, ಗೋಡೆ ಹಿಡಿದು ನಿಂತು, ಮುಂಗಾಲಿನಲ್ಲಿ ಹಿಂದಕ್ಕೆ ತಳ್ಳಿ. ಗೋಡೆ ಬಿಟ್ಟು ಈ ಪರೀಕ್ಷೆ ಬೇಡ.

ಅಳತೆಯ ವಿಷಯ. ಯುಕೆ ನಂಬರು ಒಂದು ಕಂಪನಿಯದ್ದು ಇನ್ನೊಂದಕ್ಕೆ ಹೊಂದುತ್ತದೆ ಅಂತ ಭಾವಿಸಬೇಡಿ. ಪೆಟ್ಟಿಗೆ ಮೇಲಿನ ಸೆಂಟಿಮೀಟರ್ ಅಂಕಿ ಹೋಲಿಸಿ, ಸಂಜೆ ಹೊತ್ತಿಗೆ, ಓಡುವಾಗ ಹಾಕುವ ಸಾಕ್ಸ್ ಹಾಕಿಯೇ ನೋಡಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ. ಇಳಿಜಾರಿನಲ್ಲಿ ಉಗುರು ಕಪ್ಪಾಗುವುದು ಈ ಜಾಗ ಇಲ್ಲದಿದ್ದಾಗ. ಚಿಕ್ಕಂದಿನಿಂದ ಚಪ್ಪಲಿಯಲ್ಲೇ ಬೆಳೆದು ಹರಡಿಕೊಂಡ ಅಗಲ ಪಾದದವರಿಗೆ ಪೆಗಸಸ್‌ನಲ್ಲಿ ಅಗಲದ ಆಯ್ಕೆಯೂ ಇದೆ, ಆದರೆ ನಮ್ಮ ಅಂಗಡಿಗಳಲ್ಲಿ ಅದು ಸಿಗುವುದು ಕಷ್ಟ. ಅಗಲಕ್ಕೋಸ್ಕರ ಒಂದು ನಂಬರು ದೊಡ್ಡದು ಕೊಂಡರೆ ಹಿಮ್ಮಡಿ ಸಡಿಲವಾಗಿ ಅಲ್ಲಿ ಬೊಬ್ಬೆ ಏಳುತ್ತದೆ. ಅರ್ಧ ನಂಬರಿಗೆ ನಿಲ್ಲಿಸಿ, ಲೇಸಿನಲ್ಲಿ ಹಿಮ್ಮಡಿ ಕಟ್ಟಿ.

ಕಟ್ಟುವುದು ಹೀಗೆ: ಲೇಸನ್ನು ಮೇಲಿನ ಕೊನೆಯ ತೂತಿಗೆ ಮುಂಚಿನವರೆಗೆ ಎಂದಿನಂತೆ ಹಾಕಿ. ಆಮೇಲೆ ಅಡ್ಡ ದಾಟಿಸದೆ ಅದೇ ಬದಿಯ ಕೊನೆಯ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ, ನಡುವೆ ಸಣ್ಣ ಕುಣಿಕೆ ಬಿಡಿ. ಎರಡೂ ಕಡೆ ಹೀಗೆ ಮಾಡಿ, ಬಲಗಡೆಯ ತುದಿಯನ್ನು ಎಡ ಕುಣಿಕೆಯೊಳಗೆ, ಎಡಗಡೆಯದನ್ನು ಬಲ ಕುಣಿಕೆಯೊಳಗೆ ತೂರಿಸಿ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಎರಡೂ ತುದಿ ಕೆಳಮುಖವಾಗಿ ಎಳೆದು ಗಂಟು ಹಾಕಿ. ಮುಂಗಾಲಿನ ಕಡೆ ಲೇಸು ಸಡಿಲವೇ ಇರಲಿ. ವೆಲಾಸಿಟಿಗೆ ಇದು ಬೇಕೇಬೇಕು, ಪೆಗಸಸ್‌ಗೆ ಬೇಕಾಗಲಿಲ್ಲ.

ವೇಗ: ಕಿಲೋಮೀಟರಿಗೆ ಏಳು ನಿಮಿಷದ ನಿಧಾನ ಓಟಕ್ಕೆ ಮೂರೂ ಸರಿ. ಐದು-ಐದೂವರೆ ನಿಮಿಷಕ್ಕೆ ಇಳಿದಾಗ ವೆಲಾಸಿಟಿ ಹೆಚ್ಚು ಚುರುಕು, ಪೆಗಸಸ್ ಸ್ವಲ್ಪ ಭಾರ ಅನ್ನಿಸುತ್ತದೆ. ಹದಿನೆಂಟು ಕಿಲೋಮೀಟರ್ ದಾಟಿದ ಓಟದಲ್ಲಿ, ನೆಲ ಒಣಗಿದ್ದರೆ, ಎತ್ತರದ ಶೂ ಕಾಲನ್ನು ಎಲ್ಲಕ್ಕಿಂತ ಚೆನ್ನಾಗಿ ಕಾಪಾಡುತ್ತದೆ. ಇದನ್ನು ಒಪ್ಪಲೇಬೇಕು.

ಗಾಳಿಯಾಟದಲ್ಲಿ ಹೇಳುವಷ್ಟು ವ್ಯತ್ಯಾಸವಿಲ್ಲ.

ಒದ್ದೆಯಾದ ಶೂ ಒಣಗಿಸುವ ಕ್ರಮ ಬಾಳಿಕೆಯನ್ನು ನಿರ್ಧರಿಸುತ್ತದೆ. ಒಳಗಿನ ಇನ್‌ಸೋಲ್ ತೆಗೆದು ಬೇರೆ ಒಣಗಿಸಿ, ಲೇಸು ಸಡಿಲಿಸಿ ನಾಲಿಗೆ ಹೊರಕ್ಕೆ ಎಳೆದಿಡಿ, ಹಳೆ ಪೇಪರು ಉಂಡೆ ಮಾಡಿ ತುರುಕಿ. ಒಂದು ಗಂಟೆ ಬಿಟ್ಟು ಆ ಪೇಪರು ತೆಗೆದು ಹೊಸದು ಹಾಕಿ, ಎಷ್ಟೋ ಜನ ಬಿಡುವುದು ಈ ಹಂತವನ್ನೇ. ಫ್ಯಾನಿನ ಕೆಳಗೆ ಮಲಗಿಸಿಡಿ. ಬಿರುಬಿಸಿಲು, ಒಲೆಯ ಪಕ್ಕ, ಫ್ರಿಜ್ಜಿನ ಹಿಂದೆ ಬೇಡ, ಶಾಖಕ್ಕೆ ಅಂಟು ಬಿಡುತ್ತದೆ, ಫೋಮು ಸುಕ್ಕಾಗುತ್ತದೆ. ವಾಷಿಂಗ್ ಮಷೀನಿಗೆ ಹಾಕುವುದೂ ಬೇಡ.

ಮೃದು ರಬ್ಬರಿಗೆ ಬೆಲೆ ತೆರಲೇಬೇಕು. ವೆಲಾಸಿಟಿಯ ಹಿಮ್ಮಡಿಯ ಹೊರ ಅಂಚು ಪೆಗಸಸ್‌ನದ್ದಕ್ಕಿಂತ ಬೇಗ ಸವೆಯುತ್ತದೆ. ಸಾಮಾನ್ಯವಾಗಿ ಇಂಥ ಶೂಗಳ ಆಯಸ್ಸು 500ರಿಂದ 800 ಕಿಲೋಮೀಟರ್ ಅನ್ನುತ್ತಾರೆ. ನಾನು ಲೆಕ್ಕಕ್ಕೆ ವೆಲಾಸಿಟಿಗೆ 600, ಪೆಗಸಸ್‌ಗೆ 700 ಹಿಡಿಯುತ್ತೇನೆ. ಪೂರ್ತಿ ಬೆಲೆ ಎರಡಕ್ಕೂ ಹನ್ನೆರಡು ಸಾವಿರದ ಆಸುಪಾಸು ಅಂದುಕೊಂಡರೆ ಕಿಲೋಮೀಟರಿಗೆ ವೆಲಾಸಿಟಿಗೆ 20 ರೂಪಾಯಿ, ಪೆಗಸಸ್‌ಗೆ 17. ಆದರೆ ವೆಲಾಸಿಟಿ ರಿಯಾಯಿತಿಯಲ್ಲಿ ಅರ್ಧ ಬೆಲೆಗೆ ಇಳಿಯುವುದುಂಟು. ಆರು ಸಾವಿರಕ್ಕೆ ಸಿಕ್ಕರೆ ಕಿಲೋಮೀಟರಿಗೆ 10 ರೂಪಾಯಿ, ಅಲ್ಲಿಗೆ ಮಾತು ಮುಗಿಯಿತು.

ನನ್ನ ಓಟ ಬೆಳಗಿನ ಜಾವದ್ದು, ಬೀದಿದೀಪದ ಬೆಳಕಿನಲ್ಲಿ, ನೆಲ ಒದ್ದೆಯೋ ಒಣವೋ ಕಾಣದ ಹೊತ್ತಿನಲ್ಲಿ. ವಾರಕ್ಕೆ ನಲವತ್ತು ಕಿಲೋಮೀಟರಿನ ಆಸುಪಾಸು, ಮೂರು ಬಗೆಯ ಓಟಕ್ಕೆ ಮೂರು ಜೋಡಿ ಇಡುವ ಬಜೆಟ್ ಇಲ್ಲ. ಹಾಗಾಗಿ ವೆಲಾಸಿಟಿ. ಬಾಗಲಕೋಟೆ, ರಾಯಚೂರಿನ ಕಡೆ ವರ್ಷದ ಬಹುಪಾಲು ಒಣ ರಸ್ತೆಯಲ್ಲಿ ಓಡುವವರಾದರೆ, ಅಥವಾ ಒಂದೇ ಶೂನಲ್ಲಿ ಓಡಿ, ನಡೆದು, ಆಫೀಸಿಗೂ ಹೋಗುವವರಾದರೆ ಪೆಗಸಸ್ ಹೆಚ್ಚು ದಿನ ಬರುತ್ತದೆ. ಎತ್ತರದ ಶೂ ಆಗಲೇ ಕೊಂಡಿದ್ದರೆ ಬಿಸಾಡಬೇಡಿ, ಮಳೆಯಿಲ್ಲದ ತಿಂಗಳುಗಳ ಉದ್ದನೆಯ ಭಾನುವಾರದ ಓಟಗಳಿಗೆ ಎತ್ತಿಡಿ. ವೆಲಾಸಿಟಿ ಕೊಳ್ಳುವವರು ಹೊಸ ಮಾದರಿ ಬಂದ ಮೇಲೆ ಹಳೆಯದರ ಬೆಲೆ ಇಳಿದಾಗ ಕೊಳ್ಳಿ. ಮನೆಗೆ ತಂದ ಮೇಲೆ ಮೊದಲ ಎರಡು ಓಟ ಒಣ ಟಾರಿನ ಮೇಲೇ ಮಾಡಿ ಹೊಳಪು ಸವೆಸಿ, ಆಮೇಲೆ ಮಳೆಗೆ ಇಳಿಸಿ.